ಪಡ್ಡಿನ ಹಂಚಿನಲ್ಲಿ ವಿಟುಂಬುವಾ

ವಿಟುಂಬುವಾ ಪೂರ್ವ ಆಫ್ರಿಕಾದ ಕರಾವಳಿಯ ಬೀದಿ ತಿನಿಸು. ಅಕ್ಕಿ, ತೆಂಗಿನಕಾಯಿಯ ಹಾಲು, ಸಕ್ಕರೆ, ಯಾಲಕ್ಕಿ ಸೇರಿಸಿ ರುಬ್ಬಿ, ಹಿಟ್ಟನ್ನು ಉಬ್ಬಿಸಿ, ಕುಣಿಗಳಿರುವ ಹಂಚಿನಲ್ಲಿ ಎಣ್ಣೆ ಬಿಟ್ಟು ಬೇಯಿಸುತ್ತಾರೆ. ಟಾಂಜಾನಿಯಾದ ದಾರ್ ಎಸ್ ಸಲಾಮ್, ಜಾಂಜಿಬಾರ್ ದ್ವೀಪ, ಕೀನ್ಯಾದ ಮೊಂಬಾಸಾ, ಲಾಮು ಮುಂತಾದ ಸ್ವಾಹಿಲಿ ಊರುಗಳಲ್ಲಿ ಬೆಳಗಿನ ಚಹಾದ ಜೊತೆಗೆ ಇದೇ ಆಗಬೇಕು ಎನ್ನುವವರಿದ್ದಾರೆ. ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಬಿಡುವ ಹೊತ್ತಿಗೂ ಇದಕ್ಕೆ ಬೇಡಿಕೆ. ಒಂದೇ ಇದ್ದರೆ ಅದಕ್ಕೆ ಕಿಟುಂಬುವಾ ಎನ್ನಬೇಕಂತೆ. ಒಂದನ್ನೇ ತಿಂದು ಏಳುವವರು ಕಡಿಮೆಯಾದ್ದರಿಂದ ಬಹುವಚನವೇ ಹೆಚ್ಚು ಬಳಕೆಯಲ್ಲಿದೆ.

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಂಥ ಊರಿನಲ್ಲಿ ಯಾರಿಗಾದರೂ ಇದರ ಚಿತ್ರ ತೋರಿಸಿದರೆ "ಇದು ಪಡ್ಡಲ್ಲೇನ್ರಿ?" ಎಂದು ಕೇಳಿ ಮುಂದಿನ ಕೆಲಸ ನೋಡುತ್ತಾರೆ. ಆ ಮಾತಿನಲ್ಲಿ ಮುಕ್ಕಾಲು ಪಾಲು ನಿಜವಿದೆ. ಉಳಿದ ಕಾಲು ಪಾಲು ಬಾಯಿಗಿಟ್ಟ ಮೇಲೆ ಮಾತ್ರ ತಿಳಿಯುವಂಥದ್ದು, ಮತ್ತು ಆ ಕಾಲು ಪಾಲಿಗಾಗಿಯೇ ಇದನ್ನು ಒಮ್ಮೆ ಮಾಡಿ ನೋಡಬೇಕು.

ಕರಾವಳಿಯಲ್ಲಿ ಇದನ್ನು ಮಾಡಿ ಮಾರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಇದ್ದಿಲಿನ ಒಲೆ, ಅದರ ಮೇಲೆ ಎರಕದ ಕಬ್ಬಿಣದ ಅಥವಾ ಅಲ್ಯುಮಿನಿಯಂ ಹಂಚು, ಪಕ್ಕದಲ್ಲಿ ಹಿಟ್ಟಿನ ಬಕೆಟ್ಟು, ಎಣ್ಣೆಯ ಡಬ್ಬಿ, ಮಗುಚಲು ಒಂದು ಕಡ್ಡಿ. ಅಂಗಡಿ ಎಂದರೆ ಇಷ್ಟೇ. ಅಕ್ಕಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿರುತ್ತಾರೆ. ತೆಂಗಿನಕಾಯಿ ತುರಿಯುವ ಸಾಧನ ನಮ್ಮ ತುರಿಮಣೆಯಂಥದ್ದೇ: ಕೂರಲು ಮಣೆ, ಮುಂದೆ ಚಾಚಿದ ಹಲ್ಲಿನ ಅಲಗು. ತುರಿಯನ್ನು ಹಿಂಡಲು ಗರಿಯಿಂದ ಹೆಣೆದ ಉದ್ದನೆಯ ಚೀಲವೊಂದಿತ್ತು. ಈಗ ಅದರ ಕೆಲಸವನ್ನು ಪ್ಲಾಸ್ಟಿಕ್ ಜರಡಿ ಮಾಡುತ್ತದೆ. ಮೊದಲ ಹಿಂಡಿನ ಗಟ್ಟಿ ಹಾಲಿನಲ್ಲಿ ಅಕ್ಕಿ ರುಬ್ಬಿ, ಸಕ್ಕರೆ ಯಾಲಕ್ಕಿ ಹಾಕಿ, ಚಿಟಿಕೆ ಈಸ್ಟ್ ಬೆರೆಸಿ ಮುಚ್ಚಿಡುತ್ತಾರೆ. ತಾಸೊಪ್ಪತ್ತಿನಲ್ಲಿ ಹಿಟ್ಟು ನೊರೆಗಟ್ಟಿ ಮೇಲೇರುತ್ತದೆ. ಕುಣಿಗಳಿಗೆ ಎಣ್ಣೆ ಬಿಟ್ಟು ಹಿಟ್ಟು ಹೊಯ್ದು, ಅಂಚು ಬಿಟ್ಟುಕೊಂಡಾಗ ಕಡ್ಡಿಯಿಂದ ಎಬ್ಬಿಸಿ ಮಗುಚುತ್ತಾರೆ. ಕುಣಿಗಳು ಪಡ್ಡಿನ ಕುಣಿಗಿಂತ ಕೊಂಚ ಅಗಲ. ಕೈಚಳಕ ಮಾತ್ರ ಒಂದೇ.

ಹಂಚಿನ ಬಳಗ ದೊಡ್ಡದು. ಗಡಿಯ ಆಚೆ ಸಾಂಗಲಿ, ಕೊಲ್ಹಾಪುರದ ಕಡೆ ಪಡ್ಡಿಗೆ ಅಪ್ಪೆ ಎನ್ನುತ್ತಾರೆ. ತಮಿಳರದು ಪಣಿಯಾರಂ, ತೆಲುಗರದು ಗುಂತ ಪೊಂಗನಾಲು. ಕೇರಳದ ಉಣ್ಣಿಯಪ್ಪದಲ್ಲಿ ಅಕ್ಕಿ, ಬೆಲ್ಲ, ಬಾಳೆಹಣ್ಣು, ತೆಂಗಿನ ಚೂರು, ಯಾಲಕ್ಕಿ ಕೂಡಿ ಅದು ವಿಟುಂಬುವಾಕ್ಕೆ ಬಲು ಹತ್ತಿರ ಬರುತ್ತದೆ. ಥಾಯ್ಲೆಂಡಿನವರು ಅಕ್ಕಿಹಿಟ್ಟು ಮತ್ತು ಕಾಯಿಹಾಲನ್ನೇ ಕುಣಿಹಂಚಿನಲ್ಲಿ ಬೇಯಿಸಿ ಖನೋಮ್ ಖ್ರೋಕ್ ಎಂದು ಮಾರುತ್ತಾರೆ. ಅಕ್ಕಿಯೂ ತೆಂಗೂ ಇರುವ ಕಡಲ ದಂಡೆಗಳಲ್ಲೆಲ್ಲ ಇಂಥದ್ದೊಂದು ಗುಂಡು ತಿನಿಸು ಇದ್ದೇ ಇದೆ. ಅಕ್ಕಿ ಅಪರೂಪವಾಗಿದ್ದ, ತೆಂಗು ಬೆಳೆಯದ, ಕಡಲಿನಿಂದ ದೂರವಿರುವ ರಾಯಬಾಗದ ಸೀಮೆಗೂ ಹಂಚು ಬಂದು ಕೂತಿರುವುದು ನಿಜಕ್ಕೂ ಹೆಚ್ಚಿನ ಸಂಗತಿ.

ಪಡ್ಡಿಗೂ ವಿಟುಂಬುವಾಕ್ಕೂ ಮುಖ್ಯ ವ್ಯತ್ಯಾಸ ಉದ್ದಿನಬೇಳೆ. ಪಡ್ಡಿನ ಹಿಟ್ಟಿನಲ್ಲಿ ಅಕ್ಕಿಯ ಜೊತೆ ಉದ್ದು ಇರುತ್ತದೆ, ಮೆಂತ್ಯ ಇರುತ್ತದೆ, ಕೆಲವರು ಅವಲಕ್ಕಿಯನ್ನೂ ಹಾಕುತ್ತಾರೆ. ರಾತ್ರಿಯಿಡೀ ಇಟ್ಟರೆ ಹಿಟ್ಟಿನಲ್ಲಿರುವ ಬ್ಯಾಕ್ಟೀರಿಯಾಗಳು ಹುಳಿ ಬರಿಸುತ್ತವೆ, ಗಾಳಿ ತುಂಬುತ್ತವೆ. ಆ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ. ವಿಟುಂಬುವಾದಲ್ಲಿ ಉದ್ದಿಲ್ಲ, ಹುಳಿಯೂ ಬೇಕಿಲ್ಲ. ಈಸ್ಟ್ ಸಕ್ಕರೆಯನ್ನು ತಿಂದು ಗಾಳಿ ಬಿಡುತ್ತದೆ. ಆದರೆ ಅಕ್ಕಿಗೆ ಗೋಧಿಯ ಅಂಟಿಲ್ಲ, ಉದ್ದಿನ ಲೋಳೆಯೂ ಇಲ್ಲ, ಆದ್ದರಿಂದ ಉಬ್ಬಿದ ಹಿಟ್ಟು ಹೆಚ್ಚು ಹೊತ್ತು ನಿಲ್ಲದು. ಉಬ್ಬಿದೊಡನೆ ಹಂಚಿಗೆ ಹೊಯ್ಯಬೇಕು. ಕುಣಿಯ ಗೋಡೆಯೇ ಅದಕ್ಕೆ ಆಸರೆ. ಅಕ್ಕಿಯ ಪಿಷ್ಟ ಬೆಂದು ಗಟ್ಟಿಯಾಗುವವರೆಗೆ ಹಿಟ್ಟು ಹರಡದಂತೆ ಅದು ತಡೆಯುತ್ತದೆ. ಇದೇ ಹಿಟ್ಟನ್ನು ದೋಸೆಯ ಕಾವಲಿಗೆ ಹೊಯ್ದರೆ ಚಪ್ಪಟೆಯಾದ ಒಂದು ಸಿಹಿ ಬಿಲ್ಲೆ ಸಿಗುತ್ತದೆ, ವಿಟುಂಬುವಾ ಸಿಗುವುದಿಲ್ಲ.

ದಿಗ್ಗೇವಾಡಿಯ ಅಡುಗೆಮನೆಯಲ್ಲಿ ಇದನ್ನು ಮಾಡಲು ಏನೇನು ಹೊಂದಿಸಬೇಕು ಎಂದು ನೋಡಿದರೆ, ಹೆಚ್ಚಿನವು ಮನೆಯಲ್ಲೇ ಇರುತ್ತವೆ. ಹಂಚು ಇದೆ. ಅಕ್ಕಿ ಈ ಭಾಗದ ಹೊಲದ್ದಲ್ಲ, ಇಲ್ಲಿಯದು ಜೋಳ, ಗೋಧಿ, ಗೋವಿನಜೋಳ ಮತ್ತು ಎಲ್ಲವನ್ನೂ ಬದಿಗೆ ಸರಿಸಿ ನಿಂತ ಕಬ್ಬು. ಆದರೂ ಇಡ್ಲಿ, ಪಡ್ಡಿಗೆಂದು ಅಕ್ಕಿಯ ಡಬ್ಬಿ ಪ್ರತಿ ಮನೆಯಲ್ಲೂ ಇರುತ್ತದೆ, ಹೆಚ್ಚು ಅಂಟಿಲ್ಲದ ದಪ್ಪ ಅಕ್ಕಿಯೇ ಸಾಕು. ಸಕ್ಕರೆಯ ವಿಷಯದಲ್ಲಿ ಈ ಸೀಮೆಗೆ ಯಾರೂ ಪಾಠ ಹೇಳಬೇಕಿಲ್ಲ. ಕೃಷ್ಣಾ ನದಿ ದಂಡೆಯ ಉಗಾರದಲ್ಲಿ ಸಕ್ಕರೆ ಕಂಪನಿ ಶುರುವಾದದ್ದು 1939ರಲ್ಲಿ. ಆಮೇಲೆ ಸುತ್ತ ಎದ್ದ ಕಾರ್ಖಾನೆಗಳ ಚಿಮಣಿಗಳು ಕಬ್ಬಿನ ಹಂಗಾಮಿನಲ್ಲಿ ಹಗಲು ರಾತ್ರಿ ಹೊಗೆಯಾಡುತ್ತವೆ. ಬೆಲ್ಲ ಹಾಕಬಹುದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಹಾಕಬಹುದು. ಆದರೆ ಬೆಲ್ಲಕ್ಕೆ ತನ್ನದೇ ವಾಸನೆ, ತನ್ನದೇ ಬಣ್ಣ. ಅದು ಕಾಯಿಹಾಲನ್ನು ಹಿಂದಕ್ಕೆ ತಳ್ಳಿ ತಾನು ಮುಂದೆ ನಿಲ್ಲುತ್ತದೆ, ಕೊನೆಗೆ ತಟ್ಟೆಗೆ ಬರುವುದು ಸಿಹಿ ಪಡ್ಡು. ಅದನ್ನು ತಿನ್ನಲು ಮೊಂಬಾಸಾದ ಹೆಸರು ಹೇಳಬೇಕಿಲ್ಲ. ಮೊದಲ ಸಲಕ್ಕಾದರೂ ಸಕ್ಕರೆಯೇ ಸರಿ.

ಈಸ್ಟ್ ಊರ ಕಿರಾಣಿ ಅಂಗಡಿಯಲ್ಲಿ ಸಿಗದಿದ್ದರೆ ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಸಿಗುತ್ತದೆ. ಸೋಡಾ ಹಾಕಿದರೆ ಆಗದೇ ಎನ್ನುವವರಿಗೆ ಉತ್ತರ: ಉಬ್ಬುತ್ತದೆ, ಆದರೆ ಈಸ್ಟಿನ ಬ್ರೆಡ್ಡಿನಂಥ ಘಮ ಬರುವುದಿಲ್ಲ, ಬದಲಿಗೆ ಸೋಡಾದ ವಾಸನೆ ಬರುತ್ತದೆ. ಗೋವೆಯ ಸನ್ನ, ಕೇರಳದ ಅಪ್ಪಂ ಹಿಂದೆ ಉಬ್ಬುತ್ತಿದ್ದುದು ತಾಜಾ ಕಳ್ಳಿನಿಂದ. ಅದರಲ್ಲಿರುವುದೂ ಈಸ್ಟೇ. ರಾಯಬಾಗದ ಅಡುಗೆಮನೆಗೆ ಕಳ್ಳು ತಂದು ನಾಷ್ಟಾ ಮಾಡುವ ಸಲಹೆಯನ್ನು ಯಾವ ಪಾಕಶಾಸ್ತ್ರಿಯೂ ಕೊಡಲಾರ.

ಇನ್ನು ತೆಂಗಿನಕಾಯಿ. ಈ ತಿನಿಸು ಇಲ್ಲಿಯ ಮನೆಗೆ ಪರಕೀಯವಾಗುವುದು ಇಲ್ಲೇ. ಉತ್ತರ ಕರ್ನಾಟಕದ ಅಡುಗೆಯಲ್ಲಿ ತೆಂಗು ಎಂದರೆ ಒಣ ಕೊಬ್ಬರಿ. ಸುಟ್ಟು ಕುಟ್ಟಿ ಮಸಾಲೆಗೆ ಹಾಕುತ್ತಾರೆ, ತುರಿದು ಹೂರಣದ ಸಿಹಿಗೂ ಬಾಣಂತಿಯ ಅಂಟಿನುಂಡೆಗೂ ಬಳಸುತ್ತಾರೆ. ಹಸಿಕಾಯಿ ದೇವರ ಮುಂದೆ ಒಡೆಯುವುದಕ್ಕೆ. ಒಡೆದ ಹೋಳು ಚಟ್ನಿಯಾಗುತ್ತದೆ, ಇಲ್ಲವೇ ಮಕ್ಕಳ ಕೈಗೆ ಹೋಗುತ್ತದೆ. ಅಡುಗೆಗೆ ಕೊಬ್ಬು ಮತ್ತು ಮಂದ ಕೊಡುವ ಕೆಲಸವನ್ನು ಇಲ್ಲಿ ಶೇಂಗಾ, ಗುರೆಳ್ಳು, ಎಳ್ಳು ಮಾಡುತ್ತವೆ. ಕಾಯಿಯನ್ನು ರುಬ್ಬಿ ಹಿಂಡಿ ಹಾಲು ತೆಗೆದು ಹಿಪ್ಪೆ ಎಸೆಯುವುದೆಂದರೆ ಅನೇಕ ಹಿರಿಯರಿಗೆ ಅದು ಅಡುಗೆಯಲ್ಲ, ಲುಕ್ಸಾನು. ಸ್ವಾಹಿಲಿ ಕರಾವಳಿಯಲ್ಲಿ ಮೀನಿಗೂ, ಅನ್ನಕ್ಕೂ, ಅಲಸಂದೆಗೂ, ಸೊಪ್ಪಿಗೂ ಕಾಯಿಹಾಲೇ. ಅಲ್ಲಿ ಅದಿಲ್ಲದ ಒಲೆ ಉರಿಯುವುದೇ ಕಷ್ಟ.

ಹಾಲು ತೆಗೆಯುವ ಕ್ರಮ ಸುಲಭ. ಒಂದು ದೊಡ್ಡ ಕಾಯಿಯ ತುರಿಗೆ ಅರ್ಧ ಬಟ್ಟಲು ಉಗುರುಬೆಚ್ಚಗಿನ ನೀರು ಹಾಕಿ ಮಿಕ್ಸರಿಗೆ ಹಾಕಬೇಕು, ತೆಳ್ಳನೆಯ ಬಟ್ಟೆಯಲ್ಲಿ ಹಿಂಡಬೇಕು. ಮೊದಲ ಹಿಂಡಿನಲ್ಲಿ ಬರುವುದು ಗಟ್ಟಿ ಹಾಲು, ಅದರ ತೂಕದ ಸುಮಾರು ಐದನೇ ಒಂದು ಭಾಗ ಕೊಬ್ಬು. ಎರಡನೆಯ ಹಿಂಡಿನದು ನೀರು ಹಾಲು, ಹಿಟ್ಟು ಗಟ್ಟಿಯಾದರೆ ಸಡಿಲಿಸಲು ಬರುತ್ತದೆ. ಕೊಬ್ಬರಿ ನೆನೆಸಿ ಹಾಲು ತೆಗೆಯುವ ಅಡ್ಡದಾರಿ ಇದೆ, ಆದರೆ ಹಳೆ ಕೊಬ್ಬರಿಯಾದರೆ ಅದರ ಕಮಟು ಕೊನೆಯವರೆಗೂ ಉಳಿಯುತ್ತದೆ. ಎರಡು ಬಟ್ಟಲು ನೆನೆದ ಅಕ್ಕಿಗೆ ಒಂದರಿಂದ ಒಂದೂವರೆ ಬಟ್ಟಲು ಹಾಲು, ಅರ್ಧದಿಂದ ಮುಕ್ಕಾಲು ಬಟ್ಟಲು ಸಕ್ಕರೆ, ಒಂದು ಸಣ್ಣ ಚಮಚ ಒಣ ಈಸ್ಟ್, ಅರ್ಧ ಚಮಚ ಯಾಲಕ್ಕಿ ಪುಡಿ, ಚಿಟಿಕೆ ಉಪ್ಪು. ಅಕ್ಕಿಯನ್ನು ನುಣ್ಣಗೆ ರುಬ್ಬಬೇಕು. ಪಡ್ಡಿಗೆ ನಡೆಯುವ ತರಿ ಇಲ್ಲಿ ನಾಲಿಗೆಗೆ ಮರಳಾಗುತ್ತದೆ. ಏಪ್ರಿಲ್ ತಿಂಗಳ ರಾಯಬಾಗದ ಸೆಕೆಯಲ್ಲಿ ಹಿಟ್ಟು ತಾಸಿನೊಳಗೇ ಉಕ್ಕಿ ಪಾತ್ರೆಯ ಮುಚ್ಚಳ ತಳ್ಳುತ್ತದೆ, ಸಂಕ್ರಾಂತಿಯ ಚಳಿಯಲ್ಲಿ ಒಲೆಯ ಬದಿಗೆ ಇಟ್ಟು ಕಾಯಬೇಕು.

ಉರಿ ಸಣ್ಣಗಿರಲಿ. ಪಡ್ಡಿನ ಹಿಟ್ಟಿನಲ್ಲಿ ಸಕ್ಕರೆ ಇರುವುದಿಲ್ಲವಾದ್ದರಿಂದ ಅದಕ್ಕೆ ಜೋರು ಉರಿ ನಡೆಯುತ್ತದೆ. ಇಲ್ಲಿ ಸಕ್ಕರೆ ಬೇಗ ಕಂದುತ್ತದೆ, ಆಮೇಲೆ ಅಷ್ಟೇ ಬೇಗ ಕರಕಾಗುತ್ತದೆ, ಒಳಗೆ ಮಾತ್ರ ಹಸಿ. ಮೊದಲ ಹೊಯ್ಲು ಹಂಚಿಗೆ ಅಂಟುವುದು ಪಡ್ಡಿನಲ್ಲೂ ಉಂಟು, ಇಲ್ಲೂ ಉಂಟು. ಅದನ್ನು ಕೆರೆದು ತಿನ್ನಲು ಮನೆಯಲ್ಲಿ ಜನ ಇದ್ದೇ ಇರುತ್ತಾರೆ.

ರುಚಿಯ ಮಾತು. ಹೊರಗೆ ತೆಳುವಾದ ಗರಿ, ಅದರ ಕೆಳಗೆ ಮೆತ್ತನೆಯ, ಒದ್ದೆಯೆನ್ನಿಸುವಷ್ಟು ತೇವದ ತಿರುಳು. ಉದ್ದಿಲ್ಲದ ಕಾರಣ ಪಡ್ಡಿನಂತೆ ಹಗುರಾಗಿ ಹರಿಯುವುದಿಲ್ಲ, ಕೊಂಚ ಅಗಿಯಬೇಕು. ಮೊದಲು ಬರುವುದು ಯಾಲಕ್ಕಿ, ಅದು ಪರಿಚಿತ. ಆಮೇಲೆ ಸಿಹಿ, ಅದೂ ಪರಿಚಿತ, ಹಬ್ಬದೂಟದ ಹೋಳಿಗೆಯನ್ನು ಬಲ್ಲ ಬಾಯಿಗೆ ಅದು ಕಡಿಮೆಯೇ ಎನ್ನಿಸಬಹುದು. ಕೊನೆಗೆ ನುಂಗಿದ ಮೇಲೆ ಅಂಗುಳಿನಲ್ಲಿ ಒಂದು ನುಣುಪು ಉಳಿಯುತ್ತದೆ. ತುಪ್ಪದ್ದಲ್ಲ, ಶೇಂಗಾ ಎಣ್ಣೆಯದೂ ಅಲ್ಲ. ಅದೇ ಆ ಕಾಲು ಪಾಲು. ಅದು ಹಿಡಿಸುವುದು ಬಿಡುವುದು ವಯಸ್ಸಿನ ಮೇಲೆ ನಿಂತಿದೆ ಎಂದು ಊಹಿಸಿದರೆ ತಪ್ಪಾಗಲಾರದು. ಕೇಕು ತಿಂದು ಬೆಳೆದ ಹುಡುಗರಿಗೆ ಇದು ಒಡನೆ ಹತ್ತಿರ. ಪಡ್ಡು ಎಂದರೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು ಎಂದು ನಂಬಿದವರು ಒಂದನ್ನು ತಿಂದು, "ಛಲೋ ಐತಿ, ಚಟ್ನಿ ಎಲ್ಲಿ?" ಎಂದು ಕೇಳುವ ಸಂಭವವೇ ಹೆಚ್ಚು.

ಚಟ್ನಿ ಕೇಳುವವರು ಅಷ್ಟೇನೂ ದಾರಿ ತಪ್ಪಿದವರಲ್ಲ. ಕರಾವಳಿಯ ಬೆಳಗಿನ ತಟ್ಟೆಯಲ್ಲಿ ಸಿಹಿಯ ಪಕ್ಕದಲ್ಲೇ ಉಪ್ಪು ಖಾರದ ಪದಾರ್ಥ ಇರುತ್ತದೆ. ಮೊಂಬಾಸಾದ ಹೆಸರಾಂತ ನಾಷ್ಟಾ ಎಂದರೆ ಮಹಮ್ರಿ, ಅಂದರೆ ಕಾಯಿಹಾಲು ಯಾಲಕ್ಕಿ ಹಾಕಿ ಕರಿದ ಸಿಹಿ ಪೂರಿ, ಅದರೊಂದಿಗೆ ಕಾಯಿಹಾಲಿನಲ್ಲಿ ಬೇಯಿಸಿದ ತೊಗರಿಕಾಳು. ತೊಗರಿ ನಮ್ಮ ದೇಶದಲ್ಲಿ ಹುಟ್ಟಿ ಆಫ್ರಿಕಾಕ್ಕೆ ಹೋದ ಬೆಳೆ. ಈಗ ಅದು ಹಿಂತಿರುಗಿ ಬರುತ್ತಿದೆ. ನಮ್ಮಲ್ಲಿ ಬೇಳೆಯ ಬೆಲೆ ಏರಿದಾಗ, 2016ರಲ್ಲಿ, ಭಾರತ ಸರ್ಕಾರ ಮೊಜಾಂಬಿಕ್‌ನೊಂದಿಗೆ ತೊಗರಿ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಇಲ್ಲಿಯೇ ಬೆಳೆ ಹೆಚ್ಚಾಗಿ ಆಮದಿಗೆ ಮಿತಿ ಹಾಕಿದಾಗ, ನಮ್ಮ ಮಾರುಕಟ್ಟೆಯನ್ನು ನಂಬಿ ಬಿತ್ತಿದ್ದ ಪೂರ್ವ ಆಫ್ರಿಕಾದ ರೈತರ ತೊಗರಿಗೆ ಬೆಲೆ ಕುಸಿಯಿತು. ಕಬ್ಬಿನ ಬಿಲ್ಲಿಗೆ ಕಾದು ಕೂತು ಬಲ್ಲ ರಾಯಬಾಗದ ರೈತನಿಗೆ ಅವರ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ವಿಟುಂಬುವಾ ಮಾರುವ ಬೀದಿಯಲ್ಲೇ ಚಪಾತಿ, ಸಂಬೂಸಾ, ಭಜಿಯಾಗಳೂ ಸಿಗುತ್ತವೆ. ಇವು ಹೋದ ದಾರಿ ಗೊತ್ತಿರುವಂಥದ್ದು. ಗುಜರಾತ್, ಕಚ್ಛದ ವ್ಯಾಪಾರಿಗಳು ಜಾಂಜಿಬಾರ್‌ನಲ್ಲಿ ಮೊದಲಿನಿಂದಲೂ ಇದ್ದರು. 1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಳಿ ಹಾಕಲು ತೊಡಗಿದಾಗ ಸುಮಾರು 32 ಸಾವಿರ ಕೂಲಿಗಳನ್ನು, ಹೆಚ್ಚಿನವರನ್ನು ಪಂಜಾಬಿನಿಂದ, ಹಡಗಿನಲ್ಲಿ ಒಯ್ದರು. 1901ರಲ್ಲಿ ಹಳಿ ಸರೋವರ ಮುಟ್ಟುವಷ್ಟರಲ್ಲಿ ಸುಮಾರು 2,500 ಜನ ಸತ್ತಿದ್ದರು. ಬದುಕಿದವರಲ್ಲಿ ಹೆಚ್ಚಿನವರು ಮರಳಿದರು, ಆರು ಸಾವಿರಕ್ಕೂ ಮಿಕ್ಕಿ ಜನ ಅಲ್ಲೇ ನಿಂತರು. ಚಪಾತಿ ಇಂದು ಕೀನ್ಯಾ, ಉಗಾಂಡಾದ ಮನೆಮನೆಯ ಊಟ. ಕಂಪಾಲಾದ ಬೀದಿಯಲ್ಲಿ ಮೊಟ್ಟೆಯ ಆಮ್ಲೆಟ್ಟನ್ನು ಟೊಮೆಟೊ, ಉಳ್ಳಾಗಡ್ಡಿ ಸಮೇತ ಚಪಾತಿಯಲ್ಲಿ ಸುತ್ತಿ ರೋಲೆಕ್ಸ್ ಎಂದು ಮಾರುತ್ತಾರೆ. ಕೈಗಡಿಯಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಬಡ ವಿದ್ಯಾರ್ಥಿಗಳ ಕೈಗೆಟಕುತ್ತದೆ. ನೈರೋಬಿಯ ಭಜಿಯಾ ಎಂದರೆ ಬಟಾಟಿಯ ಬಿಲ್ಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು. ರಾಯಬಾಗದ ಸೀಮೆಯ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಬಾಣಲೆಯ ಮುಂದೆ ನಿಂತವರಿಗೆ ಅದರಲ್ಲಿ ಹೊಸದೇನೂ ಕಾಣದು. ಇದ್ದಿಲಿನ ಮೇಲೆ ಸುಟ್ಟು ನಿಂಬೆಹಣ್ಣು, ಖಾರಪುಡಿ ಉಜ್ಜಿ ಕೊಡುವ ಗೋವಿನಜೋಳದ ತೆನೆಯೂ ಹಾಗೆಯೇ. ಆದ್ದರಿಂದ ಪೂರ್ವ ಆಫ್ರಿಕಾದ ತಿನಿಸನ್ನು ಸವಿಯಬೇಕೆನ್ನುವವರು ಭಜಿಯಾದಿಂದ ಆರಂಭಿಸಿದರೆ ತಮ್ಮ ಮನೆಯ ಹಿತ್ತಿಲಿಗೇ ಬಂದು ನಿಲ್ಲುತ್ತಾರೆ, ವಿಟುಂಬುವಾವೇ ಮೇಲು.

ಹಾಗೆಂದು ವಿಟುಂಬುವಾದ ಸಾಮಗ್ರಿಗಳೇನೂ ಆಫ್ರಿಕಾದವಲ್ಲ. ಅಕ್ಕಿ, ತೆಂಗು, ಕಬ್ಬು, ಯಾಲಕ್ಕಿ ನಾಲ್ಕೂ ಹಿಂದೂ ಮಹಾಸಾಗರದ ಪೂರ್ವದ ದಂಡೆಗಳಿಂದ ಹೋದವು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿಯಲ್ಲಿ, ಭರೂಚ್ ಮತ್ತು ಪಶ್ಚಿಮ ಭಾರತದ ದಂಡೆಯಿಂದ ಆಫ್ರಿಕಾದ ಕೊಂಬಿನ ಬಂದರುಗಳಿಗೆ ಹೋಗುತ್ತಿದ್ದ ಸರಕಿನ ಪಟ್ಟಿಯಿದೆ: ಗೋಧಿ, ಅಕ್ಕಿ, ತುಪ್ಪ, ಎಳ್ಳೆಣ್ಣೆ, ಹತ್ತಿಬಟ್ಟೆ, ಮತ್ತು ಜೊಂಡಿನಿಂದ ಬರುವ ಜೇನು, ಅಂದರೆ ಕಬ್ಬಿನ ಸಿಹಿ. ಚಳಿಗಾಲದ ಈಶಾನ್ಯ ಗಾಳಿಯಲ್ಲಿ ಹಾಯಿ ಬಿಚ್ಚಿ ಹೋದವರು ನೈರುತ್ಯ ಗಾಳಿ ಏಳುವವರೆಗೆ ಅಲ್ಲಿಯೇ ಇರಬೇಕಿತ್ತು. ತಿಂಗಳುಗಟ್ಟಲೆ ಪರಸ್ಥಳದಲ್ಲಿ ಉಳಿದವರು ಅಡುಗೆಯನ್ನು ಕಲಿಸದೆ, ಕಲಿಯದೆ ಇರಲಾರರು.

ಆ ಕಡೆಯಿಂದ ಬಂದದ್ದರ ಲೆಕ್ಕ ಇನ್ನೂ ದೊಡ್ಡದು. ರಾಯಬಾಗದವರು ದಿನವೂ ತಿನ್ನುವ ರೊಟ್ಟಿಯ ಜೋಳ ಆಫ್ರಿಕಾದ ಕಾಳು. ಈಗಿನ ಸುಡಾನಿನ ಪೂರ್ವ ಭಾಗದಲ್ಲಿ ಐದು ಸಾವಿರ ವರ್ಷಗಳ ಹಿಂದೆಯೇ ಅದನ್ನು ಬೆಳೆಯತೊಡಗಿದ್ದರು. ಸಜ್ಜಿ, ರಾಗಿಗಳೂ ಆಫ್ರಿಕಾದಿಂದ ಬಂದವೇ. ಪೂರ್ವ ಆಫ್ರಿಕಾದ ತಿನಿಸನ್ನು ಮೊದಲ ಸಲ ತಿನ್ನುತ್ತಿದ್ದೇವೆ ಎಂದುಕೊಳ್ಳುವ ಬಿಳಿಜೋಳದ ನಾಡಿನವರು ಈ ಒಂದು ಮಾತನ್ನು ನೆನಪಿಡುವುದು ಒಳ್ಳೆಯದು.

ಕಾಳುಗಳ ಜೊತೆ ಮನುಷ್ಯರೂ ಬಂದರು, ಅವರು ಬಂದ ರೀತಿ ಬೇರೆ. ಬೆಳಗಾವಿ ಜಿಲ್ಲೆಯದೇ ಖಾನಾಪುರ, ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಧಾರವಾಡದ ಕಲಘಟಗಿಯ ಕಾಡಂಚಿನಲ್ಲಿರುವ ಸಿದ್ದಿಗಳ ಹಿರಿಯರು ಆಫ್ರಿಕಾದ ಪೂರ್ವ ದಂಡೆಯಿಂದ, ಬಹುಪಾಲು ಪೋರ್ಚುಗೀಸರ ಗುಲಾಮರಾಗಿ, ಗೋವೆಗೆ ಬಂದಿಳಿದವರು. ಅಲ್ಲಿಂದ ಬಿಡಿಸಿಕೊಂಡು ಘಟ್ಟ ಹತ್ತಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ, ಬೆಳಗಾವಿ ಮತ್ತು ಧಾರವಾಡದವರು 2020ರಲ್ಲಿ. ಅವರು ಕನ್ನಡ, ಕೊಂಕಣಿ, ಮರಾಠಿ ಮಾತಾಡುತ್ತಾರೆ, ಸುತ್ತಲಿನವರು ಉಣ್ಣುವುದನ್ನೇ ಉಣ್ಣುತ್ತಾರೆ. ವ್ಯಾಪಾರಿ ಕಡಲು ದಾಟುವಾಗ ಬುತ್ತಿ ಕಟ್ಟಿಕೊಂಡು ಹೋಗುತ್ತಾನೆ. ಮಾರಾಟವಾಗಿ ಬಂದವರ ಕೈಯಲ್ಲಿ ಹಂಚು ಇರುವುದಿಲ್ಲ. ಕರ್ನಾಟಕದಲ್ಲಿ ಆಫ್ರಿಕಾದ ಸಂತತಿಯವರು ಶತಮಾನಗಳಿಂದ ಇದ್ದರೂ ವಿಟುಂಬುವಾದಂಥ ತಿನಿಸನ್ನು ಹೊಸದಾಗಿ ಕಲಿಯಬೇಕಾಗಿ ಬಂದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಕುಡಿಯಲು ಏನು ಎಂಬುದೊಂದು ಉಳಿಯಿತು. ಬೆಳಿಗ್ಗೆ ಚಹಾ, ಅದರಲ್ಲಿ ಎರಡೂ ದಂಡೆಗಳಿಗೆ ಭಿನ್ನಾಭಿಪ್ರಾಯವಿಲ್ಲ. ಜಾಂಜಿಬಾರ್‌ನ ಸ್ಟೋನ್ ಟೌನಿನಲ್ಲಿ ಕಡಲಿಗೆ ಮುಖಮಾಡಿರುವ ಫೊರೊಧಾನಿ ಉದ್ಯಾನದಲ್ಲಿ ಸಂಜೆಯಾದರೆ ತಿಂಡಿ ಗಾಡಿಗಳು ಸಾಲುಗಟ್ಟುತ್ತವೆ. ಅಲ್ಲಿ ಕೈಗಾಣದಲ್ಲಿ ಕಬ್ಬಿನ ಹಾಲು ತೆಗೆದು, ಹಸಿಶುಂಠಿ ಮತ್ತು ನಿಂಬೆಯನ್ನು ಕಬ್ಬಿನ ಜೊತೆಗೇ ಅರೆದು ಕೊಡುತ್ತಾರೆ. ರಾಯಬಾಗದ ರಸ್ತೆ ಬದಿಯ ಗಾಣದವರು ಮಾಡುವುದೂ ಇದನ್ನೇ, ಬಳಸುವ ಕಬ್ಬು ಮಾತ್ರ ಸಕ್ಕರೆ ಕಾರ್ಖಾನೆಯ ಕಣ್ಣು ತಪ್ಪಿಸಿ ಬಂದದ್ದು. ಸಿಹಿ ವಿಟುಂಬುವಾದ ಮೇಲೆ ಸಿಹಿ ಕಬ್ಬಿನ ಹಾಲು ಅತಿಯಾದೀತು, ಚಹಾವೇ ವಾಸಿ, ಅದೂ ಸಕ್ಕರೆ ಕಡಿಮೆ ಹಾಕಿದ್ದು. ಈ ಕೊನೆಯ ಷರತ್ತನ್ನು ಕಬ್ಬಿನ ನಾಡಿನಲ್ಲಿ ಪಾಲಿಸುವವರು ಸಿಗುವುದು ಕಷ್ಟ.

ಮಾಡಿದ್ದನ್ನು ಬಿಸಿಯಿರುವಾಗಲೇ ತಿನ್ನಬೇಕು. ಆರಿದ ಮೇಲೆ ಹೊರಗಿನ ಗರಿ ಮೆತ್ತಗಾಗುತ್ತದೆ, ಅಕ್ಕಿಯ ಪಿಷ್ಟ ಬಿರುಸಾಗುತ್ತದೆ. ಹಂಚಿನಲ್ಲಿ ಮತ್ತೊಮ್ಮೆ ಬಿಸಿ ಮಾಡಿದರೆ ಸ್ವಲ್ಪ ಮಟ್ಟಿಗೆ ಸುಧಾರಿಸುತ್ತದೆ. ಉಳಿದ ಹಿಟ್ಟನ್ನು ಪಡ್ಡಿನ ಹಿಟ್ಟಿನಂತೆ ಮರುದಿನಕ್ಕೆ ಹೊರಗಿಡುವ ಹಾಗಿಲ್ಲ, ಕಾಯಿಹಾಲು ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಕೆಡುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮರುದಿನದ ಮಟ್ಟಿಗೆ ಅಡ್ಡಿಯಿಲ್ಲ. ಸಂತೆಯಲ್ಲಿ ಇದನ್ನು ಮಾರಬಹುದೇ ಎಂದರೆ, ಹಂಚು ಮತ್ತು ಕೈಚಳಕ ಇರುವ ಪಡ್ಡಿನ ಗಾಡಿಯವರಿಗೆ ಕೆಲಸ ಕಷ್ಟದ್ದಲ್ಲ, ಕಾಯಿಯ ಬೆಲೆ ಕಷ್ಟದ್ದು. ಒಂದು ತಟ್ಟೆ ಪಡ್ಡಿನ ದರಕ್ಕೆ ಇದನ್ನು ಕೊಡಲು ಆಗದು, ಹೆಚ್ಚಿನ ದರಕ್ಕೆ ಪಡ್ಡಿನಂತೆ ಕಾಣುವುದನ್ನು ಕೊಳ್ಳಲು ಗಿರಾಕಿ ಒಪ್ಪುವುದಿಲ್ಲ. ಸದ್ಯಕ್ಕೆ ಇದು ದಿಗ್ಗೇವಾಡಿಯಲ್ಲಿ ಮನೆಯ ತಿನಿಸಾಗಿಯೇ ಇರಬೇಕಾದೀತು, ಅದೂ ಮನೆಯಲ್ಲಿ ಕಾಯಿ ಒಡೆದ ದಿನ.